ಒಂದು ತಂತಿ, ಹಲವು ನಾದ

ಹಳೆಯ ಕನ್ನಡ ದಿನಪತ್ರಿಕೆಗಳ ಕಟ್ಟನ್ನು ಬಿಚ್ಚಿ ಓದಲು ಕುಳಿತ ಇಂದಿನ ತರುಣನಿಗೆ ‘ತಂತಿ’ ಎಂಬ ಮಾತು ಪುಟಪುಟದಲ್ಲಿಯೂ ಎದುರಾಗುತ್ತದೆ. ನಾಗರಿಕರು ಸರ್ಕಾರಕ್ಕೆ ತಂತಿ ಕೊಟ್ಟರು. ಚಳವಳಿಗಾರರು ತಂತಿ ಕಡಿದರು. ಹೊಲಕ್ಕೆ ಹೋದ ಎತ್ತು ತಂತಿ ತಗುಲಿ ಸತ್ತಿತು. ಕಚೇರಿಯ ನಡುವೆ ವೈಣಿಕರ ತಂತಿ ಹರಿಯಿತು. ಪದವೊಂದೇ, ಪದಾರ್ಥ ಮಾತ್ರ ನಾಲ್ಕು. ಯಾವುದು ಎಲ್ಲಿ ಎಂಬುದನ್ನು ತಿಳಿಸುವುದು ನಾಮಪದವಲ್ಲ, ಅದರ ಬೆನ್ನಿಗೆ ಬರುವ ಕ್ರಿಯಾಪದ.

ತಂತಿ ಎಂಬುದು ಸಂಸ್ಕೃತದ ‘ತಂತ್ರೀ’ ಶಬ್ದದ ತದ್ಭವ. ಮೊದಲಿಗೆ ಅದು ವೀಣೆಯ ಸೊತ್ತು. ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಪ್ರಶಸ್ತಿಯನ್ನು ತಂದ ‘ನಾಕುತಂತಿ’ಯ ಹೆಸರಿನಲ್ಲಿ ಮಿಡಿಯುವುದೂ ಈ ಹಳೆಯ ಅರ್ಥವೇ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಾಗ ನಮ್ಮ ದೇಶದಲ್ಲಿ ತಂತಿಯ ಮೂಲಕ ಸುದ್ದಿ ಸಾಗುತ್ತಿರಲಿಲ್ಲ. ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನವರೆಗೆ ಪ್ರಯೋಗಾರ್ಥವಾಗಿ ತಂತಿ ಎಳೆದದ್ದು 1850ರಲ್ಲಿ. ಕಡಲೊಳಗಿನ ತಂತಿ ಬೊಂಬಾಯಿಯನ್ನು ಮುಟ್ಟಿದ್ದು 1870ರಲ್ಲಿ. ಕಂಬದ ಮೇಲಿನ ಲೋಹದ ಎಳೆಗೆ ವೀಣೆಯ ಹೆಸರು ಸಹಜವಾಗಿ ಸಂದಿತು. ಅಲ್ಲಿಂದ ಆ ಎಳೆ ಹೊತ್ತು ತಂದ ಸಂದೇಶವೂ ತಂತಿಯಾಯಿತು. ಆಲಂಕಾರಿಕರು ಲಕ್ಷಣಾವೃತ್ತಿ ಎಂದು ವಿವರಿಸುವುದನ್ನು ಜನರು ಯಾವ ಶಾಸ್ತ್ರವನ್ನೂ ಓದದೆ ಸಾಧಿಸಿದರು. ನೆರೆಯ ತಮಿಳಿನಲ್ಲಿಯೂ ಹೀಗೆಯೇ ಆಯಿತು. 1942ರಲ್ಲಿ ಆರಂಭವಾದ ‘ದಿನ ತಂತಿ’ ಪತ್ರಿಕೆ ಆ ಅರ್ಥವನ್ನು ಹೆಸರಿನಲ್ಲಿಯೇ ಧರಿಸಿದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಮೇಲೆ ಕನ್ನಡ ನಾಡಿನ ತಂತಿಗೆ ಪ್ರಾಣ ತೆಗೆಯುವ ಶಕ್ತಿಯೂ ಬಂದಿತು.

ಅರ್ಥ ತಪ್ಪಿದರೆ ಚರಿತ್ರೆಯೇ ತಪ್ಪುವ ಸಂದರ್ಭಗಳುಂಟು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ವರದಿಗಳಲ್ಲಿ ‘ತಂತಿ ಕಡಿದರು’ ಎಂಬ ಮಾತನ್ನು ಕಂಡ ಈ ಕಾಲದ ಓದುಗನು, ತಾಮ್ರದ ಆಸೆಗೆ ನಡೆದ ಕಳ್ಳತನವೆಂದು ಭಾವಿಸಿದರೆ ಅಚ್ಚರಿಯಿಲ್ಲ. ಕಡಿದವರು ಕಡಿದದ್ದು ಲೋಹವನ್ನಲ್ಲ, ಠಾಣೆಗೂ ಜಿಲ್ಲೆಯ ಅಧಿಕಾರಿಗೂ ನಡುವಣ ಮಾತನ್ನು. ಸುದ್ದಿ ಮುಟ್ಟದಿದ್ದರೆ ಸಿಪಾಯಿಗಳು ಬರುವುದು ತಡವಾಗುತ್ತಿತ್ತು. ಅಂಥ ಕೃತ್ಯಗಳಿಗಾಗಿ ಇಡೀ ಊರಿನ ಮೇಲೆಯೇ ಪುಂಡುಗಂದಾಯ ಹೇರುವ ಅಧಿಕಾರವನ್ನು ಆ ವರ್ಷ ಬ್ರಿಟಿಷ್ ಸರ್ಕಾರ ಕೈಗೆತ್ತಿಕೊಂಡಿತು. ಎರಡೇ ಪದಗಳ ಹಿಂದೆ ಸೆರೆಮನೆಯಿತ್ತು, ಜಪ್ತಿಯಿತ್ತು.

ಇನ್ನು ‘ತಂತಿ ಬಂದಿತು’ ಎಂಬ ವಾಕ್ಯ. ಪತ್ರಿಕೆಯ ಕಾರ್ಯಾಲಯದಲ್ಲಿ ಅದು ನಿತ್ಯದ ಮಾತು. ಸಂಸಾರಸ್ಥರ ಮನೆಯಲ್ಲಿ ಎದೆ ನಡುಗಿಸುವ ಮಾತು. ಪದಗಳನ್ನು ಎಣಿಸಿ ಹಣ ಕೊಡಬೇಕಾಗಿದ್ದುದರಿಂದ ತಂತಿ ಸಮಾಧಾನ ಹೇಳುತ್ತಿರಲಿಲ್ಲ. ಮದುವೆಯ ಶುಭಾಶಯವೂ ತಂತಿಯಲ್ಲಿಯೇ ಬರುತ್ತಿತ್ತು, ನಿಜ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದ ತಂತಿಯವನನ್ನು ಕಂಡು ಶುಭವನ್ನು ನೆನೆದ ಗೃಹಿಣಿಯರು ವಿರಳ. ಓದು ಬಾರದವರು ಒಡೆಯದ ಲಕೋಟೆಯನ್ನು ಹಿಡಿದು ನೆರೆಮನೆಗೆ ಓಡುವ ಮುನ್ನವೇ ಅಳುತ್ತಿದ್ದರು.

2013ರ ಜುಲೈ ತಿಂಗಳಲ್ಲಿ ಭಾರತದ ತಂತಿಸೇವೆ ನಿಂತಿತು. ಅದರೊಡನೆ ಈ ಅರ್ಥವೂ ಬಳಕೆಯಿಂದ ಸರಿಯುತ್ತಿದೆ. ವೀಣೆಯ ತಂತಿ ಉಳಿದಿದೆ, ಬೇಲಿಯ ತಂತಿ ಉಳಿದಿದೆ, ವಿದ್ಯುತ್ತಿನ ತಂತಿಯಂತೂ ಬೀದಿಬೀದಿಯಲ್ಲಿದೆ. ನಿಘಂಟು ಹೋದ ಅರ್ಥವನ್ನೂ ಕಾಪಾಡೀತು. ಆದರೆ ಆ ನಡುಕವನ್ನು ಕಾಪಾಡಲಾರದು. ಅದನ್ನು ಬಲ್ಲವರು ಅನೇಕ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅಜ್ಜನ ಪೆಟ್ಟಿಗೆಯ ಹಳೆಯ ಕಾಗದದಲ್ಲಿ ‘ತಂತಿ ನೋಡಿ ಹೊರಟೆ’ ಎಂದು ಬರೆದಿದ್ದರೆ, ಆ ತಂತಿಯಲ್ಲಿ ಏನಿತ್ತೆಂದು ಅಜ್ಜಿಯನ್ನು ಕೇಳುವುದಕ್ಕೆ ಇನ್ನೂ ವೇಳೆಯಿದೆ.