ಗಾಲಿ ಮೇಲಿನ ಮನೆ: ರೀಲ್ಸ್ ತೋರಿಸದ ಕೆಲಸ

ಅಮೆರಿಕದಲ್ಲಿ ಗಾಡಿಯ ಹಿಂದೆ ಟ್ರೈಲರ್ ಮನೆ ಕಟ್ಟಿಕೊಂಡು ಊರೂರು ಸುತ್ತುವವರ ರೀಲ್ಸ್ ನಮ್ಮ ಫೋನಿಗೂ ಬರುತ್ತವೆ. ಬಾಗಿಲು ತೆಗೆದರೆ ಬೆಟ್ಟ, ಕೈಯಲ್ಲಿ ಕಾಫಿ. ಬಾಡಿಗೆ ಕಟ್ಟಲಾಗದೆ ಅದರಲ್ಲೇ ಸಂಸಾರ ಹೂಡಿದವರೂ ಅಲ್ಲಿದ್ದಾರೆ. ಹೊಸಬರಿಗೆ ಮೊದಲು ತೋರಿಸಬೇಕಾದ್ದು ಬೆಟ್ಟ ಅಲ್ಲ, ಟ್ಯಾಂಕ್ ಎಂಬುದು ನಮ್ಮ ಮಾತು.

ಸಾಮಾನ್ಯವಾಗಿ ಮೂರು ಟ್ಯಾಂಕ್: ಒಳ್ಳೆ ನೀರಿಗೊಂದು, ಬಚ್ಚಲು ನೀರಿಗೊಂದು, ಪಾಯಿಖಾನೆಗೊಂದು. ಪಾಯಿಖಾನೆ ಟ್ಯಾಂಕಿನ ವಾಲ್ವ್ ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಕೂರುತ್ತದೆ. ಮುಕ್ಕಾಲು ತುಂಬಿದ ಮೇಲೆ ಅದನ್ನು ಮೊದಲು ಖಾಲಿ ಮಾಡಿ, ಆಮೇಲೆ ಬಚ್ಚಲು ನೀರು ಬಿಟ್ಟರೆ ಪೈಪೂ ತೊಳೆದಂತಾಗುತ್ತದೆ. 30 ಆಂಪ್ ಕನೆಕ್ಷನ್ ಅಂದರೆ 120 ವೋಲ್ಟಿನಲ್ಲಿ 3,600 ವ್ಯಾಟ್ ಅಷ್ಟೇ. ಎಸಿ, ಹೀಟರ್, ಓವನ್ ಒಟ್ಟಿಗೆ ಹಾಕಿದರೆ ಟ್ರಿಪ್.

ಇಲ್ಲಿ ತಪ್ಪಿದರೆ ನಾತ, ಖರ್ಚು. ಗ್ಯಾಸಿನಲ್ಲಿ ತಪ್ಪಿದರೆ ಜೀವ. ಚಳಿಗೆಂದು ಒಲೆ ಹಚ್ಚಿ, ಕಿಟಕಿ ಮುಚ್ಚಿ ಮಲಗಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೊಲ್ಲಬಹುದು. ಅಲಾರಂ ಬೇಕೇಬೇಕು. ಅದಕ್ಕೂ ಅವಧಿ ಉಂಟು, ತಾರೀಖು ನೋಡಬೇಕು.

ಮಾರುವವರು ಕೀಲಿ ಕೊಟ್ಟು ಕೈ ತೊಳೆದುಕೊಳ್ಳದೆ, ಒಂದು ದಿನ ಜೊತೆಗಿದ್ದು ಕಲಿಸಲಿ. ಕೊಳ್ಳುವವರೂ ನಾಚದೆ ಕೇಳಲಿ. ಮನೆ ಕಟ್ಟಿ ನೋಡು ಅಂತಾರೆ ನಮ್ಮಲ್ಲಿ. ಗಾಲಿ ಮನೆಯನ್ನು ನಿಭಾಯಿಸಿ ನೋಡಬೇಕು.