ಗಂಡು ಮರಿ ಅಂದರೆ ಸಾಲದು, ಹೇಗೆ ಗಂಡಾಯಿತು ಬರೆದುಕೊಡಿ

‘ಹಾರ್ಮೋನ್ ಮೀನು ತಿಂದರೆ ಗಂಡಸುತನ ಹೋಗುತ್ತೆ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಈ ಪುಕಾರಿನ ಗದ್ದಲದಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ನಾವು ಕೇಳುತ್ತಿಲ್ಲ.

ತಿಲಾಪಿಯಾ ಅಂದರೆ ನಮ್ಮ ಜಿಲೇಬಿ ಮೀನಿನ ಜಾತಿ. 1952ರಲ್ಲಿ ದೇಶಕ್ಕೆ ಬಂದದ್ದು ಕೆರೆ ಕೆರೆಗೂ ಹಬ್ಬಿತು. ಕಾರಣ ಹೆಣ್ಣು. ಮೂರ್ನಾಲ್ಕು ತಿಂಗಳಿಗೇ ಮೊಟ್ಟೆ ಇಟ್ಟು, ಬಾಯಲ್ಲೇ ಕಾಪಾಡಿ ಮರಿ ಮಾಡುತ್ತದೆ. ಆಗ ಅದೂ ಬೆಳೆಯುವುದಿಲ್ಲ, ನೀವು ಹಾಕಿದ ಮೇವೂ ಮರಿಗಳ ಪಾಲು. ಗಂಡು ಬೇಗ ತೂಕ ಬರುತ್ತದೆ. ಅದಕ್ಕೇ ‘ಎಲ್ಲಾ ಗಂಡು’ ಮರಿಗೆ ಬೇಡಿಕೆ.

ಆದರೆ ಮೊಟ್ಟೆಯಿಂದ ಬರುವಾಗ ಸುಮಾರು ಅರ್ಧ ಹೆಣ್ಣೇ. ಹೊಟ್ಟೆಯ ಹಳದಿ ಚೀಲ ಕರಗಿ ಮರಿ ಮೇವು ಮುಟ್ಟುವ ಹೊತ್ತಿಗೆ ಅಂಡಾಶಯವೋ ವೃಷಣವೋ ಇನ್ನೂ ತೀರ್ಮಾನವಾಗಿರುವುದಿಲ್ಲ. ಆಗಲೇ ಮೀಥೈಲ್ ಟೆಸ್ಟೋಸ್ಟೆರಾನ್ ಬೆರೆಸಿದ ಮೇವು ಕೊಡುತ್ತಾರೆ. ಕಿಲೋ ಮೇವಿಗೆ ಸಾಮಾನ್ಯವಾಗಿ 60 ಮಿಲಿಗ್ರಾಂ, 21ರಿಂದ 28 ದಿನ. ಹುಟ್ಟಿನಿಂದ ಹೆಣ್ಣಾಗಿದ್ದದ್ದೂ ಗಂಡಾಗಿ ಬೆಳೆಯುತ್ತದೆ.

ತಿನ್ನುವವರು ಹೆದರಬೇಕೇ? ಹಾರ್ಮೋನ್ ತಿಂದಾಗ ಮರಿಯ ತೂಕ ಒಂದು ಗ್ರಾಮೂ ಇರುವುದಿಲ್ಲ. ಆ ಮೇವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಮೈಯಿಂದ ಹೊರಹೋಗುತ್ತದೆ. ಮೀನು ನಿಮ್ಮ ತಟ್ಟೆಗೆ ಬರುವುದು ತಿಂಗಳುಗಳ ಮೇಲೆ. ಹೆದರಬೇಕಾದವರು ಬೇರೆಯವರು.

ಒಬ್ಬರು, ಮರಿ ಕೇಂದ್ರದ ಕೂಲಿಯವರು. ಈ ಪುಡಿಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಮೇವಿಗೆ ಕಲಸಬೇಕು. ಇದು ಯಕೃತ್ತಿಗೆ ಹಾನಿ ಮಾಡಬಲ್ಲ ಔಷಧ, ಗರ್ಭಿಣಿಯರು ಮುಟ್ಟಲೇಬಾರದು. ಕೈಗವಸು, ಮುಖಕ್ಕೆ ಮಾಸ್ಕ್ ಕೊಡದೆ ಬರಿಗೈಲಿ ಕಲಸಿಸುವುದು ಅನ್ಯಾಯ. ಇನ್ನೊಬ್ಬರು, ಕೇಂದ್ರದ ಕೆಳಗಿನ ಹಳ್ಳದವರು. ತಿನ್ನದೆ ಉಳಿದ ಮೇವಿನ ಹಾರ್ಮೋನ್ ತಳದ ಕೆಸರಿನಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಆ ನೀರನ್ನು ಹಾಗೇ ಕಾಲುವೆಗೆ ಬಿಡುವ ಹಕ್ಕು ಯಾರಿಗೂ ಇಲ್ಲ. ಮೂರನೆಯವರು ನೀವೇ. ಹಾರ್ಮೋನ್ ಮೇವು ತಡವಾಗಿ ಶುರುಮಾಡಿದರೂ, ಬೇಗ ನಿಲ್ಲಿಸಿದರೂ ಹೆಣ್ಣು ಉಳಿಯುತ್ತದೆ. ದುಡ್ಡು ಪೂರ್ತಿ ಕೊಟ್ಟವರು ನೀವು, ನಷ್ಟವೂ ನಿಮ್ಮದೇ.

‘ಹಾಗಾದರೆ ಹಾರ್ಮೋನ್ ನಿಲ್ಲಿಸಿ, ರೈತರು ಹಾಳಾಗಲಿ ಅಂತೀರಾ?’ ಅನ್ನಬಹುದು. ಇಲ್ಲ. ಬಚ್ಚಿಡಬೇಡಿ ಅನ್ನುತ್ತೇವೆ. ಬೇರೆ ದಾರಿಯೂ ಇದೆ. ‘ವೈವೈ’ ಗಂಡು ಮೀನನ್ನು ಬೆಳೆಸಿ, ಅದರಿಂದ ಬಹುಪಾಲು ಗಂಡು ಮರಿಗಳನ್ನೇ ಪಡೆಯಬಹುದೆಂದು ಬ್ರಿಟನ್ ಮತ್ತು ಫಿಲಿಪ್ಪೀನ್ಸ್ ವಿಜ್ಞಾನಿಗಳು 1990ರ ದಶಕದಲ್ಲೇ ತೋರಿಸಿದರು. ಅಲ್ಲಿ ಹಾರ್ಮೋನ್ ಬೇಕಾಗುವುದು ಹಿಂದಿನ ತಲೆಮಾರಿನ ಕೆಲವೇ ಮೀನುಗಳಿಗೆ. ಮಾರುವ ಮರಿಗೆ ಅದನ್ನು ತಿನ್ನಿಸುವ ಅಗತ್ಯವಿಲ್ಲ. ಇಂಥ ಮರಿ ನಮ್ಮ ರೈತರಿಗೆ ಕೈಗೆಟುಕುವ ಬೆಲೆಯಲ್ಲಿ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.

ಅಲ್ಲಿಯವರೆಗೆ ಬಿಲ್ಲಿನ ಮೇಲೆ ನಾಲ್ಕು ವಿಷಯ ಬರೆಸಿಕೊಳ್ಳಿ: ಯಾವ ಹಾರ್ಮೋನ್, ಎಷ್ಟು ದಿನ, ಕೊನೆಯ ಸಲ ಕೊಟ್ಟ ತಾರೀಖು, ನೂರಕ್ಕೆ ಎಷ್ಟು ಗಂಡು. ಮೀನು ಅಂಗೈಯಗಲ ಆದಾಗ ಕೆಲವನ್ನು ಹಿಡಿದು ಹೊಟ್ಟೆಯಡಿ ನೋಡಿ. ಗಂಡಿಗೆ ಎರಡು ರಂಧ್ರ, ಹೆಣ್ಣಿಗೆ ಮೂರು. ಲೆಕ್ಕ ತಪ್ಪಿದ್ದರೆ ಆ ಬಿಲ್ಲು ಹಿಡಿದು ವಾಪಸ್ ಹೋಗಿ ಕೇಳಿ. ಬರೆದುಕೊಡಲು ಒಪ್ಪದವರ ಹತ್ತಿರ ಮರಿ ತರಬೇಡಿ.