ತೂಕದಲ್ಲಿ ಏರುವ ಬೆಲೆ



ದಿನಸಿ ದುಬಾರಿಯಾದಾಗಲೆಲ್ಲ ಮಳೆ, ಡೀಸೆಲ್, ದಲ್ಲಾಳಿ, ಆಮದು ಸುಂಕ ಎಂದು ಕಾರಣಗಳ ಚರ್ಚೆ ನಡೆಯುತ್ತದೆ. ಅವೆಲ್ಲ ನಿಜವಾದ ಕಾರಣಗಳೇ. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ 20ಕ್ಕೆ ಏರಿತು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುವಾಗ ಆ ಹೊರೆ ಒಲೆಯವರೆಗೆ ಬರದೇ ಇತ್ತೇ? ಬೆಲೆ ಏರಲಿ. ಆದರೆ ಏರಿದ್ದು ಕೊಳ್ಳುವವನಿಗೆ ಗೊತ್ತಾಗಬೇಕು. ಈಗ ಬೆಲೆ ಹಾಗೇ ಉಳಿದು ಪೊಟ್ಟಣದ ತೂಕ ಇಳಿಯುತ್ತಿದೆ. ಇದನ್ನು ತಡೆಯಬೇಕಾದ ನಿಯಮವೇ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ ಎಂಬುದು ನನ್ನ ಆಕ್ಷೇಪ.

ಅಳತೆ ಬದಲಾದರೆ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ ನಂದಿನಿ ಹಾಲನ್ನೇ ನೋಡಬಹುದು. 2024ರ ಜೂನ್‌ನಲ್ಲಿ ಪೊಟ್ಟಣಕ್ಕೆ 50 ಮಿ.ಲೀ. ಸೇರಿಸಿ 2 ರೂಪಾಯಿ ಹೆಚ್ಚಿಸಿದಾಗ 1,050 ಮಿ.ಲೀ. ಟೋನ್ಡ್ ಹಾಲಿಗೆ 44 ರೂಪಾಯಿ ಆಯಿತು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ವಾಪಸು ಹೋಗಿ, ಲೀಟರಿಗೆ 46 ರೂಪಾಯಿ ಆಯಿತು. ಪೊಟ್ಟಣದ ದರವನ್ನಷ್ಟೇ ನೋಡಿದವರಿಗೆ ಏರಿಕೆ 2 ರೂಪಾಯಿ. ಲೀಟರಿನ ಲೆಕ್ಕ ಹಾಕಿದವರಿಗೆ 4ಕ್ಕಿಂತ ತುಸು ಹೆಚ್ಚು. ಇಲ್ಲಿ ಮೋಸವೇನೂ ಇರಲಿಲ್ಲ, ಲೀಟರಿಗೆ 4 ರೂಪಾಯಿ ಎಂದು ಬಹಿರಂಗವಾಗಿ ಹೇಳಿಯೇ ಏರಿಸಿದರು. ಬಿಸ್ಕತ್ತು, ಸೋಪು, ಎಣ್ಣೆ ಪೊಟ್ಟಣಗಳು ಕುಗ್ಗುವಾಗ ಮಾತ್ರ ಯಾರೂ ಸುದ್ದಿಗೋಷ್ಠಿ ಕರೆಯುವುದಿಲ್ಲ.

ಹಿಂದೆ ಎಣ್ಣೆ, ಚಹಾ, ಬಿಸ್ಕತ್ತಿನಂಥ ಹಲವು ಸಾಮಾನುಗಳನ್ನು ನಿಗದಿತ ಅಳತೆಗಳಲ್ಲಿ ಮಾತ್ರ ಪೊಟ್ಟಣ ಕಟ್ಟಬೇಕಿತ್ತು. ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ 2021ರಲ್ಲಿ ಬಂದ ತಿದ್ದುಪಡಿ ಆ ಕಟ್ಟು ಬಿಚ್ಚಿ, ಬದಲಿಗೆ ಪ್ರತಿ ಗ್ರಾಂ ಅಥವಾ ಕಿಲೊ ದರ ಮುದ್ರಿಸಬೇಕೆಂದಿತು. ಆಲೋಚನೆ ಒಳ್ಳೆಯದೇ. ಆದರೆ ಒಂದು ಕಿಲೊಗಿಂತ ಕಡಿಮೆ ಇದ್ದರೆ ದರವನ್ನು ಗ್ರಾಂ ಲೆಕ್ಕದಲ್ಲಿ, ಅದೂ ಎರಡು ದಶಮಾಂಶಕ್ಕೆ ಸರಿಹೊಂದಿಸಿ ಹಾಕಬೇಕಂತೆ! 800 ಗ್ರಾಂಗೆ 125 ರೂಪಾಯಿಯ ಒಂದು ಪೊಟ್ಟಣ, 900 ಗ್ರಾಂಗೆ 148 ರೂಪಾಯಿಯ ಇನ್ನೊಂದು ಇವೆ ಎನ್ನೋಣ. ಮೊದಲನೆಯದು ಕಿಲೊಗೆ ಸುಮಾರು 156, ಎರಡನೆಯದು 164. ಎರಡರ ಮೇಲೂ ಅಚ್ಚಾಗುವುದು ‘ಗ್ರಾಂಗೆ ರೂ. 0.16’. ಕಿಲೊಗೆ 8 ರೂಪಾಯಿಯ ಅಂತರ ಕಾನೂನುಬದ್ಧವಾಗಿಯೇ ಕಾಣೆಯಾಯಿತು.

ತೂಕ ಪೊಟ್ಟಣದ ಮೇಲೇ ಇದೆಯಲ್ಲ, ಓದಿಕೊಳ್ಳಲಿ ಎನ್ನುವವರಿದ್ದಾರೆ. ಹಿಂದಿನ ತಿಂಗಳು ಎಷ್ಟು ಗ್ರಾಂ ಇತ್ತೆಂಬುದು ಅಲ್ಲಿ ಇರುವುದಿಲ್ಲ. 870 ಗ್ರಾಂ ಮತ್ತು 910 ಗ್ರಾಂಗಳ ಭಾಗಾಕಾರ ಕಿರಾಣಿ ಅಂಗಡಿಯ ಸಾಲಿನಲ್ಲಿ ನಿಂತು ಮಾಡುವಂಥದ್ದೂ ಅಲ್ಲ. ಐದು, ಹತ್ತು ರೂಪಾಯಿಯ ಪೊಟ್ಟಣ ದಿನಗೂಲಿಯವರಿಗೆ ಆಸರೆ, ಅದರ ದರ ಏರಿಸಿದರೆ ಅವರಿಗೇ ಕಷ್ಟ ಎಂಬ ವಾದದಲ್ಲಿ ಹುರುಳಿದೆ. ಆ ಪೊಟ್ಟಣ ಇರಲಿ. ಅದರ ಮೇಲೂ ಕಿಲೊ ದರ ಇರಲಿ ಎಂದಷ್ಟೇ ಕೇಳುತ್ತಿದ್ದೇನೆ. ದುಬಾರಿ ದಿನಗಳಲ್ಲಿ ಜನ ಮಾಡುವುದೆಲ್ಲ ಹೋಲಿಕೆಯ ಮೇಲೆಯೇ ನಿಂತಿದೆ. ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಪೊಟ್ಟಣದ ಬದಲು ಬಿಡಿಯಾಗಿ ಕೊಳ್ಳುವುದು, ಎರಡು ಮನೆಯವರು ಸೇರಿ ಸಗಟು ತರುವುದು, ಯಾವುದು ಲಾಭ ಎಂದು ತಿಳಿಯಲು ಕಿಲೊ ದರ ಬೇಕು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬ ನಂಬಿಕೆಯೂ ಎಲ್ಲ ಸಲ ನಿಜವಾಗುವುದಿಲ್ಲ.

ತೂಕವೂ ಬೆಲೆಯೇ ಎಂಬುದನ್ನು ಕಂಪನಿಗಳೇ ತೋರಿಸಿಕೊಟ್ಟಿವೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಐದು ರೂಪಾಯಿಯ ಪೊಟ್ಟಣದ ದರ ಇಳಿಸುವ ಬದಲು ಗ್ರಾಂ ಹೆಚ್ಚಿಸುವ ದಾರಿ ಹಿಡಿದ ಕಂಪನಿಗಳಿವೆ. ಹೆಚ್ಚಿಸುವಾಗ ಅದನ್ನು ಡಂಗುರ ಸಾರುವವರು ಇಳಿಸುವಾಗಲೂ ಸಾರಬೇಕು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಪೊಟ್ಟಣ ಸಾಮಗ್ರಿಗಳ ನಿಯಮ ತಿದ್ದಿ, ಎಲ್ಲ ಆಹಾರ ಪೊಟ್ಟಣಗಳ ಮೇಲೆ ಕಿಲೊ ಅಥವಾ ಲೀಟರ್ ದರವನ್ನು ಎಂಆರ್‌ಪಿಯಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಲಿ. ತೂಕ ಇಳಿಸಿದರೆ ಹಳೆಯ ತೂಕವನ್ನೂ ಕೆಲವು ತಿಂಗಳು ಮುದ್ರಿಸಬೇಕೆಂದು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ ದೊಡ್ಡ ಮಳಿಗೆಗಳ ಕಪಾಟಿನಲ್ಲಾದರೂ ಕನ್ನಡದಲ್ಲಿ ಕಿಲೊ ದರದ ಚೀಟಿ ಅಂಟಿಸುವಂತೆ ಮಾಲೀಕರನ್ನು ಒಪ್ಪಿಸಲಿ.

– ಓದುಗ, ಮೈಸೂರು